ಕೂಸಿನ ಪರವಾಗಿ ಸಹಿ ಹಾಕುವ ಮೊದಲು: ಮಾಡಬೇಕಾದ್ದು, ಮಾಡಬಾರದ್ದು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲೂಕುಗಳ ತಾಯಿ-ತಂದೆಯರಿಗೆ, ಬಾಣಂತನ ಹೊತ್ತ ಅವ್ವ-ಅತ್ತೆಯರಿಗೆ, ಆಶಾ ಕಾರ್ಯಕರ್ತೆಯರಿಗೆ, ವಾರ್ಡಿನ ಸಿಸ್ಟರ್‌ಗಳಿಗೆ, ಹಸುಗೂಸುಗಳ ಮೇಲೆ ಸಂಶೋಧನೆ ನಡೆಸುವ ಡಾಕ್ಟರುಗಳಿಗೆ.

ಹೆರಿಗೆ ವಾರ್ಡಿನಲ್ಲಾಗಲಿ, ನವಜಾತ ಶಿಶುಗಳ ಎಸ್‌ಎನ್‌ಸಿಯುನಲ್ಲಾಗಲಿ ನಿಮ್ಮ ಕೈಗೆ ಎರಡು ಬಗೆಯ ಕಾಗದ ಬರಬಹುದು. ಒಂದು ಚಿಕಿತ್ಸೆಯ ಒಪ್ಪಿಗೆ: ಸಿಸೇರಿಯನ್ ಮಾಡಲು, ರಕ್ತ ಏರಿಸಲು, ಕೂಸಿಗೆ ಉಸಿರಾಟದ ಯಂತ್ರ ಹಚ್ಚಲು. ಇನ್ನೊಂದು ಸಂಶೋಧನೆಯ ಒಪ್ಪಿಗೆ. ಮೊದಲನೆಯದು ನಿಮ್ಮ ಕೂಸಿಗಾಗಿ. ಎರಡನೆಯದು ಮುಂದೆ ಹುಟ್ಟುವ ಕೂಸುಗಳಿಗಾಗಿ. ಅದರಿಂದ ನಿಮ್ಮ ಕೂಸಿಗೂ ಲಾಭವಾಗಬಹುದು, ಆಗದೆಯೂ ಇರಬಹುದು. ಎರಡನೆಯದಕ್ಕೆ ಒಲ್ಲೆ ಎಂದರೆ ಮೊದಲನೆಯದು ನಿಲ್ಲುವ ಹಾಗಿಲ್ಲ. ಕಾಟ್ ಸಿಗಲಿಕ್ಕಿಲ್ಲ, ಡಾಕ್ಟರು ಸಿಟ್ಟಾದಾರು ಎಂಬ ಅಂಜಿಕೆಯಿಂದ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯೇ ಅಲ್ಲ. ಈ ಸೂಚನೆಯಲ್ಲಿ ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಸಂಶೋಧನೆ ನಮ್ಮ ಭಾಗಕ್ಕೆ ದೂರದ ಮಾತಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಎರಡು ದಶಕಗಳಿಂದ ಗ್ಲೋಬಲ್ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಕೂಟದ ಜೊತೆ ತಾಯಿ-ಮಗುವಿನ ಅಧ್ಯಯನಗಳನ್ನು ನಡೆಸುತ್ತ ಬಂದಿದೆ. ಬಸುರಿಯರ ರಕ್ತಹೀನತೆಗೆ ದಿನಾ ನುಂಗುವ ಮಾತ್ರೆ ಮೇಲೋ, ಒಂದೇ ಸಲ ನರಕ್ಕೆ ಕೊಡುವ ಕಬ್ಬಿಣಾಂಶ ಮೇಲೋ ಎಂದು ನೋಡಿದ ರ‍್ಯಾಪಿಡೈರನ್ ಅಧ್ಯಯನದಲ್ಲಿ ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ವೈದ್ಯರೂ ಇದ್ದಾರೆ. ಇಳಕಲ್ ದಾಟಿದರೆ ಸಿಗುವ ಕೊಪ್ಪಳ ಜಿಲ್ಲೆಯಲ್ಲಿ, ತೂಕ ಕಡಿಮೆ ಇರುವ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಇಡುವ ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸುವುದು ಹೇಗೆ ಎಂಬುದರ ಅಧ್ಯಯನ ನಡೆದಿದೆ. ದಾವಣಗೆರೆಯಲ್ಲಿ, ದಿನ ತುಂಬುವ ಮೊದಲೇ ಹುಟ್ಟಿ ತೀರಿಕೊಂಡ ಕೂಸುಗಳ ಸಾವಿನ ಕಾರಣ ಹುಡುಕಿದ ಪರ್ಪಸ್ ಅಧ್ಯಯನ ನಡೆದಿದೆ. ನಾಳೆ ನಿಮ್ಮ ಮನೆ ಬಾಗಿಲಿಗೂ ಇಂಥದೊಂದು ಬರಬಹುದು. ಬಂದವರನ್ನು ಅನುಮಾನದಿಂದ ಓಡಿಸಬೇಡಿ. ಕೇಳದೆ ಸಹಿಯನ್ನೂ ಹಾಕಬೇಡಿ.

ಸಂಶೋಧನೆ ಏಕೆ ಬೇಕು

ದಿನ ತುಂಬುವ ಮೊದಲೇ ಬೇನೆ ಕಾಣಿಸಿಕೊಂಡ ತಾಯಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಇದು ಜೀವ ಉಳಿಸುವ ಔಷಧ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಿದ್ದ ಮೇಲೆ ಹಳ್ಳಿಹಳ್ಳಿಗೂ ಮುಟ್ಟಿಸಿದರೆ ಇನ್ನಷ್ಟು ಕೂಸುಗಳು ಉಳಿಯಬೇಕಲ್ಲವೆ? 2011ರಿಂದ 2014ರವರೆಗೆ ಆರು ದೇಶಗಳಲ್ಲಿ ಇದನ್ನೇ ಪರೀಕ್ಷಿಸಿದರು. ನಮ್ಮ ದೇಶದಿಂದ ಬೆಳಗಾವಿ ಮತ್ತು ನಾಗಪುರ ಅದರಲ್ಲಿದ್ದವು. 2015ರಲ್ಲಿ ಬಂದ ಫಲಿತಾಂಶ ಯಾರೂ ನೆನೆಸದ್ದು. ಔಷಧದ ಯೋಜನೆ ಜಾರಿಯಾದ ಪ್ರದೇಶಗಳಲ್ಲಿ ಹುಟ್ಟಿದ 28 ದಿನದೊಳಗೆ ತೀರಿಕೊಂಡ ಕೂಸುಗಳು ಸಾವಿರಕ್ಕೆ 27.4, ಜಾರಿಯಾಗದ ಕಡೆ 23.9. ತಾಯಂದಿರಲ್ಲಿ ಸೋಂಕೂ ಹೆಚ್ಚಿತ್ತು. ಹಳ್ಳಿಗಳಲ್ಲಿ ಗರ್ಭದ ವಾರಗಳ ಲೆಕ್ಕ ಖಚಿತವಿರಲಿಲ್ಲ. ಇಂಜೆಕ್ಷನ್ ಪಡೆದ ಬಹಳಷ್ಟು ತಾಯಂದಿರಿಗೆ ಅದರ ಅಗತ್ಯವೇ ಇರಲಿಲ್ಲ.

ಅಷ್ಟಕ್ಕೇ ಕೈಬಿಟ್ಟಿದ್ದರೆ ಒಳ್ಳೆಯ ಔಷಧವೊಂದು ಮೂಲೆಗೆ ಬೀಳುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತೊಂದು ಅಧ್ಯಯನ ಮಾಡಿಸಿತು. ಈ ಸಲ ಆಸ್ಪತ್ರೆಗಳಲ್ಲಿ ಮಾತ್ರ, ಸ್ಕ್ಯಾನಿಂಗ್‌ನಿಂದ ವಾರ ಖಚಿತಪಡಿಸಿಕೊಂಡು, ಕೂಸಿಗೂ ತಾಯಿಗೂ ಬೇಕಾದ ಆರೈಕೆ ಇರುವಲ್ಲಿ. ಬೆಳಗಾವಿ ಇದರಲ್ಲಿಯೂ ಇತ್ತು. 2020ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: 2,852 ತಾಯಂದಿರು, ಇಂಜೆಕ್ಷನ್ ಪಡೆದವರ ಕೂಸುಗಳಲ್ಲಿ ತೀರಿಕೊಂಡದ್ದು ನೂರಕ್ಕೆ 19.6, ಪಡೆಯದವರಲ್ಲಿ 23.5. ಲಾಭ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಔಷಧ ಅದೇ. ಎಲ್ಲಿ, ಯಾರಿಗೆ, ಯಾವ ವಾರದಲ್ಲಿ ಎಂಬುದು ಬದಲಾದಾಗ ಫಲ ತಿರುಗಿ ನಿಂತಿತು. ಎಷ್ಟೇ ಅನುಭವವಿದ್ದ ವೈದ್ಯರಿಗೂ ಇದು ಊಹೆಯಿಂದ ತಿಳಿಯುತ್ತಿರಲಿಲ್ಲ. ಒಪ್ಪಿ ಸೇರಿದ ತಾಯಂದಿರಿಂದ ತಿಳಿಯಿತು. ಅದಕ್ಕೇ ಸಂಶೋಧನೆ ಬೇಕು, ಅದಕ್ಕೇ ಆ ತಾಯಂದಿರ ಒಪ್ಪಿಗೆ ಶುದ್ಧವಾಗಿರಬೇಕು. ಈ ಕಥೆ ಕೇಳಿ ಊರಿನ ಖಾಸಗಿ ಡಾಕ್ಟರರ ಬಳಿ ಹೋಗಿ ‘ಕೂಸಿನ ಶ್ವಾಸಕೋಶಕ್ಕ ಒಂದ್ ಇಂಜೆಕ್ಷನ್ ಮಾಡ್ರಿ’ ಎಂದು ನೀವಾಗಿ ಕೇಳಬೇಡಿ. ವಾರ ತುಂಬುವ ಮೊದಲೇ ಬೇನೆ ಬಂದರೆ 108ಕ್ಕೆ ಫೋನ್ ಮಾಡಿ, ಎಸ್‌ಎನ್‌ಸಿಯು ಇರುವ ಆಸ್ಪತ್ರೆಗೆ ಹೋಗಿ.

ಸಹಿಗೆ ಮೊದಲು

ಮಾಡಬೇಕಾದ್ದು: ಕನ್ನಡದ ಮಾಹಿತಿ ಪತ್ರ ಕೇಳಿ ಪಡೆಯಿರಿ. ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಸಹಿ ಹಾಕಬೇಡಿ. ಓದಲು ಬಾರದಿದ್ದರೆ ಸಂಶೋಧನೆಯ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಎದುರಿಗೆ ಕೂತು, ಪತ್ರವನ್ನು ಪೂರ್ತಿ ಓದಿ ಹೇಳಿದ್ದನ್ನು ಕೇಳಿ, ತಾವೂ ಸಹಿ ಹಾಕಬೇಕು, ಇದು ನಿಯಮ. ವಾರ್ಡಿನ ಆಯಾ ಅಥವಾ ಅದೇ ಪ್ರಾಜೆಕ್ಟಿನ ನೌಕರ ಸಾಕ್ಷಿಯಾಗುವುದು ಬೇಡ. ನಿಮ್ಮ ಕಡೆಯವರೊಬ್ಬರನ್ನು ಕರೆಸಿ. ಮನೆಗೆ ಒಯ್ದು, ಗಂಡನ ಜೊತೆ, ಅಪ್ಪನ ಜೊತೆ ಮಾತಾಡಿ ನಾಳೆ ಹೇಳುತ್ತೇವೆ ಎನ್ನುವುದು ನಿಮ್ಮ ಹಕ್ಕು. ಸಹಿಯಾದ ಮೇಲೆ ಒಂದು ಪ್ರತಿ ನಿಮ್ಮ ಬಳಿಯೇ ಇರಬೇಕು. ಅದನ್ನು ತಾಯಿ ಕಾರ್ಡಿನ ಜೊತೆ ಇಡಿ.

ಆ ಪತ್ರದಲ್ಲಿ ಮೂರು ವಿಷಯ ಇರಲೇಬೇಕು. ಮುಖ್ಯ ಸಂಶೋಧಕರ ಹೆಸರು ಮತ್ತು ಫೋನ್ ನಂಬರ್. ಎಥಿಕ್ಸ್ ಕಮಿಟಿ, ಅಂದರೆ ನೈತಿಕ ಸಮಿತಿಯ ವಿಳಾಸ ಮತ್ತು ಫೋನ್. ಔಷಧ ಅಥವಾ ಚಿಕಿತ್ಸೆಯ ಪರೀಕ್ಷೆಯಾದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ. ಭಾರತದಲ್ಲಿ ನಡೆಯುವ ಇಂಥ ಪರೀಕ್ಷೆಗಳ ಈ ಸಾರ್ವಜನಿಕ ದಾಖಲೆ 2007ರಿಂದ ಇದೆ. 2018ರ ಏಪ್ರಿಲ್‌ನಿಂದ, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವುದಕ್ಕೂ ಮುಂಚೆಯೇ ನೋಂದಣಿ ಆಗಿರಬೇಕು. ಕಾಲೇಜಿಗೆ ಹೋಗುವ ಮನೆಯ ಮಗನೋ ಮಗಳೋ ಮೊಬೈಲಿನಲ್ಲಿ ಆ ಸಂಖ್ಯೆ ಹಾಕಿ ನೋಡಲಿ. ಯಾರು ದುಡ್ಡು ಹಾಕಿದ್ದಾರೆ, ಎಲ್ಲೆಲ್ಲಿ ನಡೆಯುತ್ತಿದೆ, ಎಲ್ಲ ಸಿಗುತ್ತದೆ.

ಕೇಳಬೇಕಾದ್ದನ್ನು ನಮ್ಮ ಮಾತಿನಲ್ಲೇ ಕೇಳಿ. ‘ಈ ಔಷಧ ಮೊದಲ ಬ್ಯಾರೆ ಕೂಸುಗಳಿಗೆ ಕೊಟ್ಟಾರೇನ್ರಿ?’ ‘ನಮ್ಮ ಕೂಸು ಇದರಾಗ ಸೇರಲಿಲ್ಲಂದ್ರ ಅದಕ್ಕ ಏನ್ ಚಿಕಿತ್ಸೆ ಮಾಡ್ತೀರಿ?’ ‘ಎಷ್ಟ್ ಸಲ ರಕ್ತ ತಗೀತೀರಿ?’ ‘ಏನರ ಆದ್ರ ರಾತ್ರಿ ಯಾರಿಗೆ ಫೋನ್ ಹಚ್ಚಬೇಕ್ರಿ?’ ಈ ನಾಲ್ಕಕ್ಕೆ ನೇರ ಉತ್ತರ ಕೊಡದವರಿಗೆ ನಿಮ್ಮ ಕೂಸನ್ನು ಒಪ್ಪಿಸಬೇಡಿ.

ಮಾಡಬಾರದ್ದು: ಬೇನೆ ತಿನ್ನುವ ಹೊತ್ತಿನಲ್ಲಿ ಸಂಶೋಧನೆಯ ಕಾಗದಕ್ಕೆ ಸಹಿ ಹಾಕಬೇಡಿ, ಹಾಕಿಸಬೇಡಿ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ನೋವಿನಲ್ಲಿರುವ ತಾಯಿಗೆ ಯಾವ ಮಾತೂ ಕಿವಿಗೆ ಹೋಗುವುದಿಲ್ಲ. ಹೊರಗೆ ಕೂತ ಅತ್ತೆಗೆ ಒಂದೇ ಚಿಂತೆ, ಬೇಗ ಮುಗಿಯಲಿ ಎಂಬುದು. ಹೆರಿಗೆಯ ಹೊತ್ತಿಗೆ ಬೇಕಾಗುವ ಅಧ್ಯಯನವಾದರೆ ಏಳನೇ ತಿಂಗಳ ತಪಾಸಣೆಯಲ್ಲೇ ಹೇಳಿ, ಆಗಲೇ ಕೇಳಿ, ಹೆರಿಗೆಗೆ ಬಂದಾಗ ‘ಇನ್ನೂ ಒಪ್ಪಿಗೆ ಐತೇನವ್ವಾ’ ಎಂದು ಇನ್ನೊಮ್ಮೆ ಕೇಳಬೇಕು. ಮೊದಲು ಹೂಂ ಅಂದವಳು ಈಗ ಉಹೂಂ ಅಂದರೆ ಅಲ್ಲಿಗೆ ಮುಗಿಯಿತು.

ಕೂಸಿನ ಪರವಾಗಿ ಯಾರು ಸಹಿ ಹಾಕಬೇಕು ಎಂಬುದರಲ್ಲೂ ಗೊಂದಲ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಕ್ಕಳ ಮೇಲಿನ ಸಂಶೋಧನೆಗೆಂದೇ 2017ರಲ್ಲಿ ಮಾರ್ಗಸೂಚಿ ತಂದಿದೆ. ಅಪಾಯ ತೀರ ಕಡಿಮೆಯಿದ್ದರೆ, ಇಲ್ಲವೆ ಮಗುವಿಗೇ ನೇರ ಲಾಭದ ಸಾಧ್ಯತೆಯಿದ್ದರೆ ತಾಯಿ-ತಂದೆಯರಲ್ಲಿ ಒಬ್ಬರ ಸಹಿ ಸಾಕು. ಅಪಾಯ ಅದಕ್ಕಿಂತ ಹೆಚ್ಚಿದ್ದು ಮಗುವಿಗೆ ನೇರ ಲಾಭ ಇಲ್ಲದಿದ್ದರೆ ಇಬ್ಬರದೂ ಬೇಕು. 7 ವರ್ಷ ದಾಟಿದ ಮಗುವನ್ನು ಅದರ ಭಾಷೆಯಲ್ಲಿ ಕೇಳಲೇಬೇಕು: 12ರವರೆಗೆ ಬಾಯಿಮಾತಿನ ಸಮ್ಮತಿ, ಆಮೇಲೆ 18ರವರೆಗೆ ಬರಹದಲ್ಲಿ. ಹೆಡ್ ಮಾಸ್ತರರು, ಹಾಸ್ಟೆಲ್ ವಾರ್ಡನ್, ಗ್ರಾಮ ಪಂಚಾಯಿತಿ ಅಧ್ಯಕ್ಷರು, ಮಠದ ಸ್ವಾಮಿಗಳು, ಯಾರೇ ಆಗಲಿ ಹೆತ್ತವರ ಬದಲು ಸಹಿ ಹಾಕಕೂಡದು.

ಹಾಕಿದರೆ ಏನಾಗುತ್ತದೆ ಎಂಬುದನ್ನು 2009-10ರಲ್ಲಿ ಅಂದಿನ ಆಂಧ್ರದ ಖಮ್ಮಂ ಜಿಲ್ಲೆ ತೋರಿಸಿತು. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನದಲ್ಲಿ ಎಷ್ಟೋ ಹಾಸ್ಟೆಲ್ ಹುಡುಗಿಯರ ಪರವಾಗಿ ವಾರ್ಡನ್‌ಗಳೇ ಸಹಿ ಹಾಕಿದ್ದರು. ಆ ಅವಧಿಯಲ್ಲಿ ಆದ ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣಾ ಸಮಿತಿಗೆ ಕಾಣಲಿಲ್ಲ. ಆ ಲಸಿಕೆ ಒಳ್ಳೆಯದೇ, ಇವತ್ತು ನಾನಾ ದೇಶಗಳು ಕೊಡುತ್ತಿವೆ. ಆದರೂ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ಖಂಡಿಸಿತು. ಒಳ್ಳೆಯ ಲಸಿಕೆಯ ಮೇಲೆ ಜನರಿಗಿದ್ದ ನಂಬಿಕೆಗೆ ಪೆಟ್ಟು ಬಿತ್ತು.

ರಕ್ತದ ಲೆಕ್ಕ

ಕೂಸಿನ ಮೈಯಲ್ಲಿ ರಕ್ತ ಎಷ್ಟಿರುತ್ತದೆ ಗೊತ್ತೇ? ತೂಕದ ಕಿಲೋ ಒಂದಕ್ಕೆ ಸುಮಾರು 80 ಮಿಲಿಲೀಟರ್. ಒಂದೂವರೆ ಕಿಲೋದ ಕೂಸಿಗೆ ಒಟ್ಟು 120. ಒಂದು ಚಹಾ ಲೋಟದಷ್ಟು. ಸಂಶೋಧನೆಗೆಂದು ಒಮ್ಮೆಗೆ ಒಟ್ಟು ರಕ್ತದ ನೂರಕ್ಕೆ ಒಂದರಷ್ಟು, ನಾಲ್ಕು ವಾರಗಳಲ್ಲಿ ಎಲ್ಲ ಸೇರಿ ನೂರಕ್ಕೆ ಮೂರರಷ್ಟು ಮೀರಬಾರದು ಎಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಅಂದರೆ ಈ ಕೂಸಿಗೆ ಒಮ್ಮೆಗೆ 1.2 ಮಿಲಿಲೀಟರ್, ತಿಂಗಳಿಗೆ 3.6. ಬಾಗಲಕೋಟೆಯ ಕೂಸಿನ ರಕ್ತ ಪ್ಯಾರಿಸ್ಸಿನ ಕೂಸಿನದಕ್ಕಿಂತ ಹೆಚ್ಚಿರುವುದಿಲ್ಲ. ಇದೇ ಅಳತೆಯನ್ನು ಇಲ್ಲಿಯೂ ಹಿಡಿಯಬೇಕು.

ಮಾಡಬೇಕಾದ್ದು: ಎಷ್ಟು ಮಿಲಿಲೀಟರ್, ಎಷ್ಟು ಸಲ, ಹಿಮ್ಮಡಿಯಿಂದಲೋ ನರದಿಂದಲೋ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಚಿಕಿತ್ಸೆಗೆ ಹೇಗೂ ರಕ್ತ ತೆಗೆಯುವ ಹೊತ್ತಿನಲ್ಲೇ ಸಂಶೋಧನೆಯದನ್ನೂ ತೆಗೆಯುವಂತೆ ಸಿಸ್ಟರ್‌ಗೆ ಹೇಳಿ, ಇನ್ನೊಂದು ಸಲ ಚುಚ್ಚುವುದು ತಪ್ಪುತ್ತದೆ. ಚುಚ್ಚುವಾಗ ಕೂಸು ತಾಯಿಯ ಎದೆಯ ಮೇಲಿರಲಿ, ಮೊಲೆ ಕುಡಿಯುತ್ತಿದ್ದರೆ ಇನ್ನೂ ಒಳ್ಳೆಯದು. ಅದರಿಂದ ನೋವು ಕಡಿಮೆಯಾಗುತ್ತದೆ ಎಂಬುದೂ ಸಂಶೋಧನೆಯಿಂದಲೇ ಗೊತ್ತಾದದ್ದು.

ಮಾಡಬಾರದ್ದು: ‘ಉಳಿದ ರಕ್ತವನ್ನು ಮುಂದಿನ ಅಧ್ಯಯನಕ್ಕೆ ಇಟ್ಟುಕೊಳ್ಳುತ್ತೇವೆ’ ಎಂಬ ಸಾಲನ್ನು ಓದದೆ ದಾಟಬೇಡಿ. ಅದಕ್ಕೆ ಬೇರೆ ಒಪ್ಪಿಗೆ ಬೇಕು. ಅಧ್ಯಯನಕ್ಕೆ ಹೂಂ ಅಂದು, ರಕ್ತ ಕಾದಿಡುವುದಕ್ಕೆ ಮಾತ್ರ ಬೇಡ ಎನ್ನಲು ಬರುತ್ತದೆ.

ಮನೆಗೆ ಹೋದ ಮೇಲೆ

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಲ್ಲಿ. ಹುನಗುಂದದ ಸೊಸೆ ಬಾದಾಮಿಯ ತವರಿಗೆ ಬರುತ್ತಾಳೆ, ಬಾಣಂತನ ಮುಗಿದ ಮೇಲೆ ತೊಟ್ಟಿಲ ಜೊತೆ ಗಂಡನ ಮನೆಗೆ ಹೋಗುತ್ತಾಳೆ, ಸುಗ್ಗಿ ಮುಗಿದರೆ ಗಂಡ-ಹೆಂಡತಿ ದುಡಿಯಲು ಗೋವಾಕ್ಕೋ ಮಂಗಳೂರಿಗೋ. ಅಧ್ಯಯನಕ್ಕೆ ಸೇರುವಾಗಲೇ ಎರಡೂ ಮನೆಯ ವಿಳಾಸ, ಎರಡೂ ಮನೆಯ ಫೋನ್ ಕೊಡಿ. ಊರು ಬಿಡುವ ಮೊದಲು ತಿಳಿಸಿ. ಒಮ್ಮೆ ಒಪ್ಪಿ ಸೇರಿದ ಮೇಲೆ ನಡುವೆ ಹೇಳದೆ ಕಾಣೆಯಾಗಬೇಡಿ. ಕೂಸಿಗೆ ಏನಾಯಿತೆಂದು ತಿಳಿಯದೆ ಹೋದರೆ ಔಷಧದ ಗುಣವೂ ದೋಷವೂ ಲೆಕ್ಕಕ್ಕೆ ಸಿಗುವುದಿಲ್ಲ. ಸಾಕು ಅನ್ನಿಸಿದರೆ ‘ನಾವು ಇನ್ನ ಒಲ್ಲಿವ್ರಿ’ ಎಂದು ಹೇಳಿ ಹೊರಬನ್ನಿ. ಕಾರಣ ಕೊಡಬೇಕಿಲ್ಲ.

ದಿನ ತುಂಬದೆ ಹುಟ್ಟಿದ ಕೂಸಿನ ಕಣ್ಣಿನ ಪರೀಕ್ಷೆ ಮಾತ್ರ, ಅಧ್ಯಯನದಲ್ಲಿರಿ ಬಿಡಿ, ತಪ್ಪಿಸಲೇಬೇಡಿ. 1940ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳು ಇಂಥ ಕೂಸುಗಳಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟವು. ಸಾವಿರಾರು ಮಕ್ಕಳ ಕಣ್ಣು ಹೋದವು. ಅತಿಯಾದ ಆಮ್ಲಜನಕವೇ ಕಾರಣ ಎಂಬುದು 1950ರ ದಶಕದ ಹೋಲಿಕೆ ಪರೀಕ್ಷೆಯಿಂದ ಖಚಿತವಾಯಿತು. ಈಗ ಅಳೆದು ಕೊಡುತ್ತಾರೆ. ಆದರೂ 2 ಕಿಲೋಗಿಂತ ಕಡಿಮೆ ತೂಕದ, ಇಲ್ಲವೆ 34 ವಾರಕ್ಕೆ ಮೊದಲೇ ಹುಟ್ಟಿದ ಕೂಸಿಗೆ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಬೇಕು, ತೀರ ಚಿಕ್ಕ ಕೂಸಿಗೆ ಇನ್ನೂ ಮೊದಲು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಯೋಜನೆ ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗೇ ಬಂದು ಈ ಕೆಲಸ ಮಾಡುತ್ತ ಬಂದಿದೆ. ‘ತಿಂಗಳ ಬಾಣಂತಿಯನ್ನು ಹೊರಗೆ ಕಳಿಸುವುದಿಲ್ಲ’ ಎಂದು ಹಿರಿಯರು ತಡೆಯಬಾರದು. ಆ ಕೆಲವು ವಾರ ಮೀರಿದರೆ ಕಣ್ಣು ಮರಳಿ ಬಾರದು.

ಕೂಸು ಮೊಲೆ ಬಿಟ್ಟರೆ, ಮೈ ತಣ್ಣಗಾದರೆ, ಉಸಿರು ಎಳೆದರೆ, ಅಂಗಾಲಿನವರೆಗೂ ಹಳದಿ ಬಂದರೆ ಅಧ್ಯಯನದವರ ಭೇಟಿಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ನಡೆಯಿರಿ. ಹೊಟ್ಟೆಗೆ ಬರೆ ಹಾಕಿಸಬೇಡಿ. ಹೊಕ್ಕುಳಿಗೆ ಬೂದಿ, ಎಣ್ಣೆ, ಅರಿಶಿನ ಹಚ್ಚಬೇಡಿ. ಹಚ್ಚಿದ್ದರೆ ಮುಚ್ಚಿಡಬೇಡಿ, ಬೈದಾರೆಂದು ಸುಳ್ಳು ಹೇಳಿದರೆ ಸೋಂಕಿನ ಮೂಲ ಡಾಕ್ಟರರಿಗೆ ತಿಳಿಯದೆ ಹೋಗುತ್ತದೆ.

ಆಶಾ ಅಕ್ಕಂದಿರಿಗೆ, ಸಿಸ್ಟರ್‌ಗಳಿಗೆ

ನಿಮ್ಮ ಮಾತಿಗೆ ಊರು ಹೂಂ ಅನ್ನುತ್ತದೆ. ಹುಟ್ಟಿದ 3, 7, 14, 21, 28 ಮತ್ತು 42ನೇ ದಿನ ಕೂಸನ್ನು ನೋಡಲು ಮನೆಗೆ ಬರುವವರು ನೀವೇ. ಆ ನಂಬಿಕೆಯನ್ನು ಸಹಿ ಕೂಡಿಸಲು ಬಳಸಬೇಡಿ. ‘ಸರಕಾರದ್ದ ಐತಿ, ಎಲ್ಲಾರೂ ಮಾಡ್ಯಾರ’ ಎಂದು ಹೇಳಬೇಡಿ. ಇಷ್ಟು ಜನರನ್ನು ಸೇರಿಸಿದರೆ ತಲೆಗೆ ಇಷ್ಟು ಎಂಬ ಹಣ ಒಪ್ಪಬೇಡಿ. ಯಾರಾದರೂ ಹಾಗೆ ಕೇಳಿದರೆ ನೈತಿಕ ಸಮಿತಿಗೆ ತಿಳಿಸಿ.

ಒಪ್ಪಿಗೆ ತಲೆಗೆ ಹೋಗಿದೆಯೋ ಇಲ್ಲವೋ ತಿಳಿಯಲು ಒಂದೇ ದಾರಿ, ತಿರುಗಿ ಹೇಳಿಸುವುದು. ‘ಯವ್ವಾ, ನಾ ಹೇಳಿದ್ದು ನಿಮಗ ಹ್ಯಾಂಗ ತಿಳೀತು, ನನಗ ಒಂದ್ಸಲ ಹೇಳ್ರಿ’ ಎಂದು ಕೇಳಿ. ‘ಹೊಸಾ ಛಲೋ ಔಷಧ ಕೊಡ್ತಾರಂತ’ ಎಂದು ಉತ್ತರ ಬಂದರೆ ಪೆನ್ನು ಜೇಬಿಗೆ ಹಾಕಿ, ಮೊದಲಿನಿಂದ ಹೇಳಿ. ‘ಎರಡು ಔಷಧದಾಗ ಯಾವುದು ಛಲೋ ಅಂತ ಡಾಕ್ಟರಿಗೂ ಇನ್ನೂ ಗೊತ್ತಿಲ್ಲಂತ. ನಮ್ಮ ಕೂಸಿಗೆ ಯಾವುದು ಬರತೈತಿ ಅನ್ನೂದನ್ನ ಕಂಪ್ಯೂಟರ್ ಚೀಟಿ ಎತ್ತಿ ಹೇಳತೈತಿ. ಒಲ್ಲೆ ಅಂದ್ರೂ ನಡೀತೈತಿ’ ಎಂದು ತಾಯಿಯ ಬಾಯಿಂದ ಬಂದ ದಿನ ಸಹಿ ಕೇಳಿ.

ಕೂಸಿನ ಫೋಟೋ, ಕೇಸ್ ಶೀಟು, ತಾಯಿಯ ಹೆಸರು ವಾಟ್ಸ್‌ಆಪ್ ಗುಂಪಿಗೆ ಹಾಕಕೂಡದು. ಡಾಕ್ಟರುಗಳ ಗುಂಪಾದರೂ ಕೂಡದು.

ಸಂಶೋಧನೆ ನಡೆಸುವವರಿಗೆ

ನೈತಿಕ ಸಮಿತಿಯ ಅನುಮತಿ ಕೈಗೆ ಬರುವ ಮುಂಚೆ ಒಂದು ಕೂಸನ್ನೂ ಮುಟ್ಟಬೇಡಿ. ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧಕ್ಕೂ ಇದೇ ನಿಯಮ. ಆ ಸಮಿತಿಯಲ್ಲಿ ಕಾನೂನು ತಿಳಿದವರ ಜೊತೆ ಸಾಮಾನ್ಯ ನಾಗರಿಕರೊಬ್ಬರು ಇರಲೇಬೇಕು, ಅಧ್ಯಕ್ಷರು ಹೊರಗಿನವರಾಗಿರಬೇಕು. ಆ ಸಾಮಾನ್ಯ ಸದಸ್ಯರಿಗೆ ಕನ್ನಡ ಪತ್ರವನ್ನು ಕೊಟ್ಟು, ಅರ್ಥವಾಗಲಿಲ್ಲ ಎಂದರೆ ತಿದ್ದಿ ಬರೆಯಿರಿ.

ಮಗ್ಗ ನಿಲ್ಲಿಸಿ ಇಳಕಲ್ಲಿನಿಂದ ಬಂದವರಿಗೆ, ಕಲ್ಲಿನ ಕ್ವಾರಿಗೆ ರಜೆ ಹಾಕಿ ಬಂದವರಿಗೆ ಬಸ್ ಚಾರ್ಜು, ಊಟ, ಹೋದ ಕೂಲಿ ಕೊಡಬೇಕು. ಕೈಯಿಂದ ಹಾಕಿಕೊಂಡು ಬರಲಿ ಎನ್ನುವಂತಿಲ್ಲ. ಆದರೆ ಆ ಹಣಕ್ಕಾಗಿಯೇ ಕೂಸನ್ನು ತಂದು ಸೇರಿಸುವಷ್ಟು ದೊಡ್ಡ ಮೊತ್ತ ಇಡಬೇಡಿ.

ಹೊಸ ಔಷಧದ ಪರೀಕ್ಷೆಯಲ್ಲಿ ಕೂಸಿಗೆ ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ವರದಿ ಹೋಗಬೇಕು ಎಂದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪರೀಕ್ಷೆ ನಿಯಮಗಳು ಹೇಳುತ್ತವೆ. ಚಿಕಿತ್ಸೆ ಉಚಿತ, ಪರೀಕ್ಷೆಯಿಂದಲೇ ಆದ ಹಾನಿಗೆ, ಸಾವಿಗೆ ಪರಿಹಾರ ಬೇರೆ. ಇದನ್ನು ಕುಟುಂಬಕ್ಕೆ ತೊಂದರೆ ಆದ ಮೇಲೆ ಹೇಳುವುದಲ್ಲ, ಸಹಿಗೆ ಮುಂಚೆಯೇ ಹೇಳಬೇಕು.

ಈಗಾಗಲೇ ಸಾಬೀತಾದ ಆರೈಕೆಯನ್ನು ಹೋಲಿಕೆಗೆಂದು ಯಾವ ಕೂಸಿನಿಂದಲೂ ಕಿತ್ತುಕೊಳ್ಳಬೇಡಿ. ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದರೆ ಏನಾಗುತ್ತದೆ ಎಂದು ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ 3,211 ಕೂಸುಗಳನ್ನು ನೋಡಿದರು. ಕೂಡಲೇ ಎದೆಗೆ ಹಾಕಿಕೊಂಡವರಲ್ಲಿ ಸಾವು ನೂರಕ್ಕೆ 12, ತಡವಾದವರಲ್ಲಿ 15.7. 2021ರಲ್ಲಿ ಇದು ಪ್ರಕಟವಾದ ಮೇಲೆ ಚಿಕ್ಕ ಕೂಸನ್ನು ತಾಯಿಯಿಂದ ದೂರ ಇಡುವ ಹೋಲಿಕೆಗೆ ಎಡೆಯೇ ಇಲ್ಲ. ಎಸ್‌ಎನ್‌ಸಿಯು ಒಳಗೆ ತಾಯಿಗೊಂದು ಮಂಚ ಹಾಕಿ.

ಅಧ್ಯಯನ ಮುಗಿದ ಮೇಲೆ ಫಲಿತಾಂಶವನ್ನು ಇಂಗ್ಲಿಷ್ ಪತ್ರಿಕೆಗೆ ಕಳಿಸಿ ಕೈತೊಳೆದುಕೊಳ್ಳಬೇಡಿ. ಅಂಗನವಾಡಿಯಲ್ಲೋ ಪಂಚಾಯಿತಿ ಕಟ್ಟೆಯಲ್ಲೋ ಸೇರಿದವರನ್ನೆಲ್ಲ ಕರೆದು, ಔಷಧ ಫಲ ಕೊಟ್ಟಿತೋ ಇಲ್ಲವೋ ಕನ್ನಡದಲ್ಲಿ ಹೇಳಿ. ಕೊಡಲಿಲ್ಲ ಎಂಬುದನ್ನೂ ಅಷ್ಟೇ ಬಿಚ್ಚಿ ಹೇಳಿ. ಕೂಸು ಕಳೆದುಕೊಂಡ ತಾಯಿಯನ್ನು ಈ ಪಟ್ಟಿಯಿಂದ ಬಿಡಬೇಡಿ. ಆಕೆಯನ್ನು ಸಭೆಗೆ ಕರೆಯುವುದು ಬೇಡ. ಆಕೆಗೆ ಗುರುತಿರುವ ಆಶಾ ಅಕ್ಕನ ಜೊತೆ ಮುಖ್ಯ ಸಂಶೋಧಕರೇ ಮನೆಗೆ ಹೋಗಿ, ಕೂತು, ಆಕೆ ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು.